ಬ್ರಿಟಿಷ್ ಸಾಮಾನು ಕೊನೆಗೆ

ಹತ್ತನೇ ಕ್ಲಾಸಿನಲ್ಲಿ ಸ್ವದೇಶಿ ಚಳವಳಿಯ ಪಾಠ. ವಿದೇಶಿ ಬಟ್ಟೆ ಸುಟ್ಟ ಕತೆಯನ್ನು ತುಸು ಆವೇಶದಿಂದಲೇ ಹೇಳಿದೆ ಅನ್ನಿ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ್, ಅದು ಬ್ರಿಟಿಷರು ಇದ್ದಾಗ. ಸ್ವಾತಂತ್ರ್ಯ ಸಿಕ್ಕಿದ ಮೇಲೂ ಒಂದು ದೇಶ ಅವರ ಸಾಮಾನು ಬೇಡ ಅಂದ್ರೆ ಅದು ತಾರತಮ್ಯ ಅಲ್ವಾ?" ಎಂದಳು. "ಹೌದು, ವ್ಯಾಪಾರದಲ್ಲಿ ಹಳೇ ಹಗೆ ತರಬಾರದು" ಅಂದುಬಿಟ್ಟೆ. ಅಷ್ಟರಲ್ಲಿ ಬೆಲ್ಲೂ ಹೊಡೆಯಿತು.

ಕಾಸರಗೋಡಿನ ಈ ಕಡೆ ನಾನು ಮನೆಗೆ ಹೋಗುವ ದಾರಿಯುದ್ದಕ್ಕೂ ರಬ್ಬರ್ ತೋಟ. ಆ ಹುಡುಗಿಯ ತಂದೆ ಟ್ಯಾಪಿಂಗ್ ಮಾಡುವುದೂ ಅಲ್ಲೇ. ಮರಗಳನ್ನು ನೋಡುತ್ತಾ ಮಲೇಷ್ಯಾ ನೆನಪಾಯಿತು. ಕೊಟ್ಟ ಉತ್ತರ ಸರಿಯಾಗಲಿಲ್ಲ ಅನ್ನಿಸಿತು.

ಮಲಯಾ ಸ್ವತಂತ್ರವಾದದ್ದು 1957ರಲ್ಲಿ. ಆದರೆ ಅಲ್ಲಿನ ದೊಡ್ಡ ರಬ್ಬರ್ ತೋಟಗಳ ಯಜಮಾನಿಕೆ ಎಷ್ಟೋ ವರ್ಷ ಲಂಡನ್ನಿನಲ್ಲೇ ಉಳಿಯಿತು. 1981ರ ಸೆಪ್ಟೆಂಬರಿನಲ್ಲಿ ಮಲೇಷ್ಯಾ ಸರಕಾರದ ಹೂಡಿಕೆ ಸಂಸ್ಥೆ ಲಂಡನ್ ಶೇರು ಪೇಟೆಗೆ ಹೋಗಿ, ಕೆಲವೇ ಗಂಟೆಗಳಲ್ಲಿ ಗುತ್ರೀ ಎಂಬ ತೋಟದ ಕಂಪೆನಿಯ ಅರ್ಧಕ್ಕಿಂತ ಹೆಚ್ಚು ಶೇರು ಕೊಂಡಿತು. ಕಸಿದುಕೊಂಡದ್ದಲ್ಲ, ದುಡ್ಡು ಕೊಟ್ಟು ಕೊಂಡದ್ದು. ಅದಾದ ಮೇಲೆ ಲಂಡನ್ನಿನಲ್ಲಿ ಶೇರು ಕೊಳ್ಳುವ ನಿಯಮಗಳನ್ನೇ ಬಿಗಿ ಮಾಡಿದರು! ಅದಕ್ಕೂ ಮೊದಲೇ, ಥ್ಯಾಚರ್ ಸರಕಾರ ವಿದೇಶಿ ವಿದ್ಯಾರ್ಥಿಗಳ ಫೀಸನ್ನು 1980ರಿಂದ ಪೂರ್ತಿ ವೆಚ್ಚದ ಮಟ್ಟಕ್ಕೆ ಏರಿಸಿತ್ತು. ಇಂಗ್ಲೆಂಡಿನಲ್ಲಿ ಓದುತ್ತಿದ್ದ ಸಾವಿರಾರು ಮಲೇಷ್ಯಾ ಮಕ್ಕಳಿಗೆ ಅದು ದೊಡ್ಡ ಪೆಟ್ಟು.

ಅಕ್ಟೋಬರಿನಲ್ಲಿ ಪ್ರಧಾನಿ ಮಹಾತಿರ್ 'ಬ್ರಿಟಿಷ್ ಸಾಮಾನು ಕೊನೆಗೆ' ಎಂಬ ಧೋರಣೆ ಘೋಷಿಸಿದರು. ನಿಷೇಧವೇನಲ್ಲ. ಸರಕಾರಿ ಇಲಾಖೆಗಳು ಬ್ರಿಟಿಷ್ ಕಂಪೆನಿಯಿಂದ ಕೊಳ್ಳುವುದಿದ್ದರೆ, ಬೇರೆ ಕಡೆಯ ದರವನ್ನೂ ಜತೆಗಿಟ್ಟು ಪ್ರಧಾನಿ ಕಚೇರಿಗೆ ಕಳಿಸಬೇಕು, ಅಷ್ಟೆ.

ಇದು ತಾರತಮ್ಯವೇ, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕೆ ಮೊದಲು ತಕ್ಕಡಿ ಸಮನಾಗಿತ್ತೇ? 1934ರಲ್ಲಿ ಬ್ರಿಟನ್ ತನ್ನ ವಸಾಹತುಗಳಲ್ಲಿ ಜಪಾನಿನ ಅಗ್ಗದ ಬಟ್ಟೆಗೆ ಕೋಟಾ ಹಾಕಿತು, ಮಲಯಾದಲ್ಲೂ. ಲ್ಯಾಂಕಾಶೈರಿನ ಗಿರಣಿ ಉಳಿಯಲೆಂದು ಅಲ್ಲಿನ ಕೂಲಿಯವನು ದುಬಾರಿ ಬಟ್ಟೆ ಉಡಬೇಕಾಯಿತು. ಆಳಿದವರು ಹೋದರೂ ಅವರ ಬ್ಯಾಂಕು, ಅವರ ಹಡಗು, ಅವರಲ್ಲೇ ಕಲಿತ ಇಂಜಿನಿಯರು ಉಳಿಯುತ್ತಾರೆ. ಟೆಂಡರು ಹಳೇ ಜಾಡಿನಲ್ಲೇ ಹೋಗುತ್ತದೆ. ಆ ಜಾಡು ತಪ್ಪಿಸಲು ಒಮ್ಮೆ ಬೇಕೆಂದೇ ಆಚೆ ಎಳೆಯಬೇಕಾಗುತ್ತದೆ ಎಂದು ನನಗನ್ನಿಸುತ್ತದೆ. 1982ರಲ್ಲಿ ಮಹಾತಿರ್ 'ಪೂರ್ವದ ಕಡೆ ನೋಡಿ' ಎಂದು ಜಪಾನ್, ಕೊರಿಯಾಗಳತ್ತ ತಿರುಗಿದರು. 1983ರಲ್ಲಿ ಥ್ಯಾಚರ್ ಜತೆ ಮಾತುಕತೆಯಾಗಿ ಬ್ರಿಟಿಷ್ ನಿರ್ಬಂಧವನ್ನು ಹಿಂತೆಗೆದರು. ಅದೇ ವರ್ಷ ಬ್ರಿಟನ್ ವಿದೇಶಿ ವಿದ್ಯಾರ್ಥಿಗಳಿಗೆ ಹೆಚ್ಚಿನ ನೆರವನ್ನೂ ಘೋಷಿಸಿತು. ಆದರೆ 1994ರಲ್ಲಿ ಬ್ರಿಟಿಷ್ ಪತ್ರಿಕೆಗಳ ವರದಿಗೆ ಸಿಟ್ಟಾಗಿ ಮತ್ತೆ ಕಂಪೆನಿಗಳನ್ನು ದೂರವಿಟ್ಟರಲ್ಲ, ಅದನ್ನು ಮಾತ್ರ ನಾನು ಒಪ್ಪಲಾರೆ. ಪತ್ರಿಕೆ ಬರೆದರೆ ವ್ಯಾಪಾರಿಗೆ ಶಿಕ್ಷೆಯೇ?

ಮರುದಿನ ಕ್ಲಾಸಿನಲ್ಲಿ, "ನಿನ್ನೆ ನಾನು ಹೇಳಿದ್ದು ಅರೆಬರೆ" ಎಂದು ಒಪ್ಪಿಕೊಂಡು ಇದನ್ನೆಲ್ಲ ಹೇಳಿದೆ. ಅವಳು ಮತ್ತೆ ಎದ್ದಳು.

"ತೋಟ ಅವರದ್ದೇ ಆದ ಮೇಲೆ ಟ್ಯಾಪಿಂಗ್ ಮಾಡುವವರ ಕಷ್ಟ ಹೋಯ್ತಾ ಸರ್?"

"ಇಲ್ಲ" ಅಂದೆ. "ಅವರಲ್ಲಿ ತುಂಬಾ ಜನ ತಮಿಳರು. ಯಜಮಾನ ಬದಲಾದ, ಬಡತನ ಹಾಗೇ ಉಳಿಯಿತು."

"ಅದನ್ನೂ ಬರೆದುಕೊಳ್ಳಬೇಕಾ ಸರ್?"

ಬರೆದುಕೋ ಅಂದೆ.