ಎಸ್.ಪಿ. ರಸ್ತೆಯಲ್ಲಿ ಗ್ರಾಮಫೋನಿನ ವಿಚಾರ

ಬೆಂಗಳೂರಿನ ಪುರಭವನದಿಂದ ಹಳೆಯ ಪೇಟೆಯ ಕಡೆಗೆ ಸ್ವಲ್ಪ ದೂರ ನಡೆದರೆ, ಜನರು ಎಸ್.ಪಿ. ರಸ್ತೆಯೆಂದು ಕರೆಯುವ ಬೀದಿಯು ಸಿಕ್ಕುವುದು. ಅಕ್ಕಿಪೇಟೆಗೆ ಅಕ್ಕಿಯೂ ಅರಳೆಪೇಟೆಗೆ ಹತ್ತಿಯೂ ಹೆಸರು ಕೊಟ್ಟಂತೆ, ಈ ಬೀದಿಗೆ ವಿದ್ಯುದುಪಕರಣಗಳು ಕೀರ್ತಿಯನ್ನು ಕೊಟ್ಟಿವೆ. ಇಕ್ಕೆಲಗಳಲ್ಲಿಯೂ ಗೂಡಿನಂತಹ ಅಂಗಡಿಗಳು. ಬಾಗಿಲಿನಲ್ಲಿ ತೂಗುವ ತಂತಿಯ ಸುರುಳಿಗಳು. ಒಳಗೆ ಸಾಸಿವೆಯ ಡಬ್ಬಿಗಳಂತೆ ಸಾಲಾಗಿ ಜೋಡಿಸಿದ ಪುಟ್ಟ ಡಬ್ಬಿಗಳಲ್ಲಿ ಯಂತ್ರಗಳ ಸೂಕ್ಷ್ಮಾಂಗಗಳು. ಕನ್ನಡ, ಉರ್ದು, ತಮಿಳು, ತೆಲುಗು, ಹಿಂದಿಗಳು ಒಂದೇ ಚೌಕಾಸಿಯಲ್ಲಿ ಬೆರೆತು ಕೇಳಿಬರುವುವು. ಕೈಗಾಡಿ ಬಂದಾಗ ಗೋಡೆಗೆ ಒರಗಿ ನಿಲ್ಲದೆ ಗತ್ಯಂತರವಿಲ್ಲ.

ನಾನು ಮೈಸೂರಿನಿಂದ ಈ ಬೀದಿಗೆ ಹೋದುದು ಬಸವನಗುಡಿಯಲ್ಲಿರುವ ನನ್ನ ಅಕ್ಕನ ಸಲುವಾಗಿ. ದಿವಂಗತರಾದ ಭಾವನವರು ಜೀವಮಾನವೆಲ್ಲ ಕೂಡಿಸಿದ ಇನ್ನೂರು ರೆಕಾರ್ಡುಗಳು ಕಪಾಟಿನಲ್ಲಿ ಮೌನವಾಗಿದ್ದವು. "ಅವರು ಕೇಳುತ್ತಿದ್ದ ಹಾಗೆ ಹಾಡಿಸಿಕೊಡಪ್ಪಾ, ಆಗದಿದ್ದರೆ ಮಕ್ಕಳು ಹೇಳಿದಂತೆ ಗುಜರಿಗೆ ಹಾಕಿಬಿಡುತ್ತೇನೆ" ಎಂದು ಅವಳು ಹೇಳಿದ್ದಳು. ಬಂಧುವರ್ಗದಲ್ಲಿ ಒಬ್ಬರು, ಫೋನೋ ಸ್ಟೇಜೆಂಬ ಪ್ರತ್ಯೇಕ ಪೆಟ್ಟಿಗೆಯನ್ನು ಕೊಳ್ಳದೆ ವಿಧಿಯಿಲ್ಲವೆಂದರು. ಇನ್ನೊಬ್ಬರು, ಹಳೆಯ ಆಂಪ್ಲಿಫೈಯರಿನ ಒಳಗಿರುವುದೇ ಸಾಕೆಂದರು. ಆದಕಾರಣ ಗ್ರಾಮಫೋನನ್ನೂ ಆಂಪ್ಲಿಫೈಯರನ್ನೂ ಆಟೋರಿಕ್ಷಾದಲ್ಲಿಟ್ಟುಕೊಂಡು ಹೊರಟೆನು.

ಫೋನೋ ಸ್ಟೇಜಿನ ಕೆಲಸವೇನೆಂಬುದನ್ನು ವಾಚಕರಿಗೆ ಮೊದಲು ತಿಳಿಸಬೇಕು. ರೆಕಾರ್ಡಿನ ಗೀರು ಒಂದು ಸೂತ್ರವಿದ್ದಂತೆ. ಮಂದ್ರಸ್ವರಗಳನ್ನು ಯಥಾವತ್ತಾಗಿ ಕೊರೆದರೆ ಗೀರು ಅಗಲವಾಗಿ ಓಲಾಡಿ ಪಕ್ಕದ ಗೀರನ್ನು ನುಂಗುವುದು; ಆದುದರಿಂದ ಅವುಗಳನ್ನು ಕುಗ್ಗಿಸಿ ಕೊರೆಯುತ್ತಾರೆ. ತಾರಸ್ವರಗಳು ಮೇಲ್ಮೈಯ ಸರಸರ ಶಬ್ದದಲ್ಲಿ ಅಡಗದಂತೆ ಅವುಗಳನ್ನು ಹಿಗ್ಗಿಸುತ್ತಾರೆ. ಈ ಪ್ರಮಾಣವನ್ನು ಅಮೆರಿಕದ ಧ್ವನಿಮುದ್ರಣೋದ್ಯಮದ ಸಂಘವು 1954ರಲ್ಲಿ ಗೊತ್ತುಮಾಡಿತು. ನುಡಿಸುವಾಗ ಇದನ್ನು ತಿರುಗುಮುರುಗು ಮಾಡಬೇಕು: ಸೆಕೆಂಡಿಗೆ 1,000 ಕಂಪನಗಳ ಸ್ವರವನ್ನು ಅಳತೆಯಾಗಿಟ್ಟುಕೊಂಡರೆ, 50 ಕಂಪನಗಳ ಸ್ವರವು ಸುಮಾರು 7 ಪಟ್ಟು ಹಿಗ್ಗಬೇಕು, 10,000 ಕಂಪನಗಳದು 5ರಲ್ಲಿ ಒಂದು ಪಾಲಿಗೆ ಕುಗ್ಗಬೇಕು. ಇದಲ್ಲದೆ, ಸಾಮಾನ್ಯ ಮುಳ್ಳಿನಿಂದ ಹೊರಡುವ 5 ಮಿಲಿವೋಲ್ಟಿನಷ್ಟು ಕ್ಷೀಣವಾದ ವಿದ್ಯುತ್ತನ್ನು ಸುಮಾರು 100 ಪಟ್ಟು ಬಲಪಡಿಸಬೇಕು. ಸೂತ್ರಕ್ಕೆ ಇದೇ ಭಾಷ್ಯ. ಇದಿಲ್ಲದಿದ್ದರೆ ಮೃದಂಗದ ಎಡಮುಖದ ಗಾಂಭೀರ್ಯವೇ ಕೇಳಿಸದು. ಗ್ರಾಮಫೋನಿನಲ್ಲಿ ಒಂದು, ಆಂಪ್ಲಿಫೈಯರಿನಲ್ಲಿ ಇನ್ನೊಂದು ಎಂದು ಎರಡನ್ನೂ ಒಟ್ಟಿಗೆ ಹೂಡಿದರೆ ಗಾನವು ಕರ್ಕಶವಾಗುವುದು.

1970ರ ದಶಕದ ಆಂಪ್ಲಿಫೈಯರುಗಳಲ್ಲಿ ಈ ಅಂಗವು ಸಾಮಾನ್ಯವಾಗಿ ಒಳಗೇ ಇರುತ್ತಿತ್ತು. 1982ರಲ್ಲಿ ಸಿ.ಡಿ.ಗಳು ಬಂದಮೇಲೆ ಅನೇಕ ತಯಾರಕರು ಕ್ರಮೇಣ ಅದನ್ನು ಬಿಟ್ಟರು. ಪ್ರತ್ಯೇಕ ಪೆಟ್ಟಿಗೆಯ ಗುಣಗಳೂ ಇಲ್ಲದಿಲ್ಲ: ಆಂಪ್ಲಿಫೈಯರಿನ ದೊಡ್ಡ ಟ್ರಾನ್ಸ್‌ಫಾರ್ಮರಿನಿಂದ ದೂರವಿಡಬಹುದಾದುದರಿಂದ ಗುಂಯ್‌ಗುಡುವಿಕೆಯು ಕಡಮೆ, ಮುಳ್ಳಿಗೆ ತಕ್ಕಂತೆ ಬಲವನ್ನು ಹೊಂದಿಸುವ ಸೌಕರ್ಯವೂ ಕೆಲವುಗಳಲ್ಲಿ ಉಂಟು. ಅರ್ಧ ಮಿಲಿವೋಲ್ಟನ್ನೂ ಮೀರದ 'ಮೂವಿಂಗ್ ಕಾಯಿಲ್' ಜಾತಿಯ ಮುಳ್ಳುಗಳಿಗೆ ಅಧಿಕ ಬಲವು ಅವಶ್ಯಕ. ಆದರೆ ಬೆಲೆ, ಇನ್ನೊಂದು ಜೊತೆ ತಂತಿ, ಇನ್ನೊಂದು ಪ್ಲಗ್ಗು ಇವೆಲ್ಲವೂ ಅದರ ಬೆನ್ನಿಗೇ ಬರುವುವು.

ನಾನು ಹೊಕ್ಕ ಅಂಗಡಿಯ ವೃದ್ಧ ಕೆಲಸಗಾರರು ಮಾತಿಗಿಂತ ಪರೀಕ್ಷೆಯನ್ನೇ ನಂಬಿದವರು. ಒಂದೇ ರೆಕಾರ್ಡನ್ನು ಮೊದಲು ಆಂಪ್ಲಿಫೈಯರಿನ ಒಳಗಿನ ಅಂಗದ ಮೂಲಕವೂ, ಅನಂತರ ಸಾಧಾರಣ ಬೆಲೆಯ ಪ್ರತ್ಯೇಕ ಪೆಟ್ಟಿಗೆಯ ಮೂಲಕವೂ ನುಡಿಸಿದರು. ಪೆಟ್ಟಿಗೆಯಲ್ಲಿ ಗುಂಯ್‌ಗುಡುವಿಕೆಯು ತುಸು ಕಡಮೆಯಾಗಿತ್ತು, ನಿಜ. ಆದರೆ ವೀಣೆಯ ಪ್ರತಿಯೊಂದು ಮೀಟಿನ ಅಂಚಿನಲ್ಲಿಯೂ ಬರುತ್ತಿದ್ದ ಒಡಕು ಧ್ವನಿ ಎರಡರಲ್ಲಿಯೂ ಒಂದೇ. ಅವರು ಭೂತಗಾಜಿನಲ್ಲಿ ಮುಳ್ಳನ್ನು ತೋರಿಸಿದರು. ಅದರ ತುದಿ ಸವೆದು ಚಪ್ಪಟೆಯಾಗಿತ್ತು. "ನೋಡಿ ಮೇಷ್ಟ್ರೇ, ಪೆಟ್ಟಿಗೆಯನ್ನು ನಾಳೆಯೂ ಕೊಳ್ಳಬಹುದು. ಈ ಮುಳ್ಳು ಇನ್ನು ನಾಲ್ಕು ಸಲ ಓಡಿದರೆ ಗೀರನ್ನೇ ಕೆರೆದುಹಾಕುತ್ತದೆ, ಹೋದ ಗೀರು ಮತ್ತೆ ಬರುವುದಿಲ್ಲ" ಎಂದರು. ಹೊಸ ಮುಳ್ಳನ್ನು ಹಾಕಿಸಿ, ಒಳಗಿನ ಒಣಗಿದ ಕೆಪಾಸಿಟರುಗಳನ್ನು ಬದಲಿಸಿ, ನೆಲದ ತಂತಿಯನ್ನು ಬಿಗಿಗೊಳಿಸಿದುದಕ್ಕೆ ತಗುಲಿದ ವೆಚ್ಚವು ಪೆಟ್ಟಿಗೆಯ ಬೆಲೆಗಿಂತ ಕಡಮೆಯೇ. ಗುಂಯ್‌ಗುಡುವಿಕೆಯೂ ಬಹುಮಟ್ಟಿಗೆ ನಿಂತಿತು.

ಅಂದು ಸಂಜೆ ಅಕ್ಕನು ಒಂದು ರೆಕಾರ್ಡಿನ ಎರಡು ಮುಖಗಳನ್ನೂ ಮಾತಿಲ್ಲದೆ ಕೇಳಿದಳು. ಕೊನೆಗೆ, "ಗುಜರಿಯವನಿಗೆ ಬರಬೇಡವೆಂದು ಹೇಳಬೇಕು" ಎಂದಷ್ಟೇ ಅಂದಳು.

ಭಾವನವರ ತಂದೆಯ ಕಾಲದ 78 ಸುತ್ತಿನ ಕೆಲವು ಪ್ಲೇಟುಗಳು ಮಾತ್ರ ಉಳಿದಿವೆ. ಅವು 1954ಕ್ಕೆ ಹಿಂದಿನವು. ಒಂದೊಂದು ಕಂಪೆನಿಯದೂ ಒಂದೊಂದು ಪ್ರಮಾಣ. ಅವುಗಳಿಗೆ ಅಂಗುಲದ ಸಾವಿರದಲ್ಲಿ 3 ಪಾಲಿನಷ್ಟು ದಪ್ಪ ತುದಿಯ ಬೇರೆ ಮುಳ್ಳೂ, ಪ್ರಮಾಣವನ್ನು ಬದಲಿಸಬಲ್ಲ ಪ್ರತ್ಯೇಕ ಪೆಟ್ಟಿಗೆಯೂ ಬೇಕು. ಅಲ್ಲಿ ಪೆಟ್ಟಿಗೆಯೇ ಯೋಗ್ಯವಾದುದು. ಗೃಹಸ್ಥರು ಈ ಬೀದಿಗೆ ಹೋಗುವ ಮೊದಲು ಮನೆಯ ರೆಕಾರ್ಡು ಯಾವ ಕಾಲದ್ದು, ಆಂಪ್ಲಿಫೈಯರಿನ ಹಿಂಬದಿಯಲ್ಲಿ ಫೋನೋ ಎಂಬ ಹೆಸರಿದೆಯೇ, ಮುಳ್ಳು ಎಷ್ಟು ಸವೆದಿದೆ ಎಂಬ ಮೂರನ್ನು ನೋಡಿಕೊಂಡು ಹೋಗಲಿ. ಹಣವೂ ಉಳಿಯುವುದು, ಗೀರುಗಳೂ ಉಳಿಯುವುವು.