ಹಕ್ಕಿಯ ದಾರಿಯೂ ಮನುಷ್ಯನ ದಾರಿಯೂ

ಭೂಪಟದ ಮೇಲೆ ದಾರವನ್ನೆಳೆದು ಊರಿಂದೂರಿಗೆ ದೂರವನ್ನಳೆಯುವುದು ನಮ್ಮ ಮನೆಯ ಮಕ್ಕಳಿಗೆ ಒಂದು ವಿನೋದ. ಮೊನ್ನೆ ಅವರು ಸಿಂಗಪುರದಿಂದ ಕೌಲಾಲಂಪುರಕ್ಕೆ ದಾರವನ್ನೆಳೆದು, “ಅಜ್ಜಾ, ಸುಮಾರು ೩೦೦ ಕಿಲೋಮೀಟರು. ವಿಮಾನಕ್ಕೆ ಎಷ್ಟು ಹೊತ್ತು ಬೇಕು?” ಎಂದು ಕೇಳಿದರು. ವಿಮಾನವು ತಾಸಿಗೆ ೮೦೦ ಕಿ.ಮೀ. ವೇಗದಿಂದ ಹಾರಬಲ್ಲುದಾದರೂ, ಇಷ್ಟು ಸಣ್ಣ ದಾರಿಯಲ್ಲಿ ಏರುವುದಕ್ಕೂ ಇಳಿಯುವುದಕ್ಕೂ ಬಹುಪಾಲು ಹೊತ್ತು ಕಳೆಯುವುದರಿಂದ ಮುಕ್ಕಾಲು ತಾಸು ಹಿಡಿಯುವುದು. ನಿಲ್ದಾಣದ ತಪಾಸಣೆಯನ್ನೂ ಕಾಯುವಿಕೆಯನ್ನೂ ಕೂಡಿಸಿದರೆ ನಾಲ್ಕೈದು ತಾಸುಗಳೇ ಆದಾವು ಎಂದು ಹೇಳಿದೆನು. “ಹಾಗಾದರೆ ನಮ್ಮ ಮಾನ್ವಿಯಿಂದ ರಾಯಚೂರಿಗೆ?” ಎಂದಳು ಕಿರಿಯಳು. ಈ ಪ್ರಶ್ನೆಯಿಂದ ಹಳೆಯದೊಂದು ನೋವು ಮನಸ್ಸಿನಲ್ಲಿ ಮರುಕಳಿಸಿತು.

ಮಾನ್ವಿಯಿಂದ ರಾಯಚೂರಿಗೆ ಹಕ್ಕಿಯ ದಾರಿ ಸುಮಾರು ೪೦ ಕಿ.ಮೀ.; ರಸ್ತೆಯ ದಾರಿ ಸುಮಾರು ೪೫. ಭೇದವು ಅಲ್ಪವೇ ಸರಿ. ಆ ಅಲ್ಪತೆಯನ್ನು ನಂಬಿಯೇ ನಾನು ಮೋಸಹೋದೆನು. ಮದರಾಸಿನಲ್ಲಿದ್ದ ಅಕ್ಕನಿಗೆ ದೇಹಸ್ಥಿತಿ ಚೆನ್ನಾಗಿಲ್ಲವೆಂದು ಸುದ್ದಿ ಬಂದಿತ್ತು. ತಾಸಿನ ದಾರಿಯೆಂದೆಣಿಸಿ, ನಿಧಾನವಾಗಿ ಊಟ ಮುಗಿಸಿ ಹೊರಟೆನು. ಬಸ್ಸಿಗಾಗಿ ಅರ್ಧ ತಾಸು ಕಾದುದಾಯಿತು. ನೀರಮಾನ್ವಿಯ ಬಳಿ ಕುರಿಯ ಹಿಂಡು ಅಡ್ಡವಾಯಿತು. ಕಲ್ಲೂರಿನ ಆಚೆ ಭತ್ತದ ಚೀಲಗಳನ್ನು ಹೇರಿದ ಟ್ರಾಕ್ಟರುಗಳ ಸಾಲು. ನಾನು ನಿಲ್ದಾಣವನ್ನು ಮುಟ್ಟುವಷ್ಟರಲ್ಲಿ ರೈಲು ಹೊರಟುಹೋಗಿತ್ತು. ಮುಂಬಯಿ ಮದರಾಸುಗಳ ರೈಲುಹಾದಿಗಳು ೧೮೭೧ರಲ್ಲಿ ಬಂದು ಕೂಡಿದ್ದು ಇದೇ ರಾಯಚೂರಿನಲ್ಲಿ. ಅಷ್ಟು ದೂರದ ಎರಡು ಪಟ್ಟಣಗಳನ್ನು ಹತ್ತಿರಮಾಡಿದ ಸ್ಥಳದಲ್ಲಿ ನಾನೊಬ್ಬನು ದೂರವಾಗಿ ನಿಂತಿದ್ದೆನು.

ಮರುದಿನ ಬೆಳಿಗ್ಗೆ ಹೊತ್ತು ಹೋಗದೆ ಕೋಟೆಯ ಕಡೆಗೆ ನಡೆದೆನು. ಅಲ್ಲಿ ೧೨೯೪ರ ಶಾಸನವುಳ್ಳ ನಾಲ್ವತ್ತು ಅಡಿಗೂ ಮಿಕ್ಕ ಉದ್ದದ ಕಲ್ಲೊಂದುಂಟು. ಅಂಥ ಕಲ್ಲನ್ನು ಬಂಡಿಯ ಮೇಲೆ ಎಳೆತಂದ ಬಗೆಯನ್ನೂ ಅಲ್ಲಿಯೇ ಕೆತ್ತಿರುವರು. ತಂದ ಕಲ್ಲಿನೊಡನೆ ತಂದ ಶ್ರಮವನ್ನೂ ಅವರು ಲೆಕ್ಕಕ್ಕೆ ಹಿಡಿದಿದ್ದರು. ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರು ನಮ್ಮ ಮಾನ್ವಿಯಲ್ಲಿದ್ದ ೧೮ನೆಯ ಶತಮಾನದಲ್ಲಿ, ತಾಸಿಗೆ ನಾಲ್ಕು ಕಿ.ಮೀ. ನಡೆಯುವ ಎತ್ತಿನ ಬಂಡಿಗೆ ಈ ದಾರಿ ಹನ್ನೊಂದು ತಾಸಿನದು. ಅಷ್ಟು ದಾರಿಗೆ ನಸುಕಿನಲ್ಲಿಯೇ ಬಂಡಿ ಹೂಡಬೇಕು. ನನಗೆ ವೇಗವಿತ್ತು, ಆ ಎಚ್ಚರವಿರಲಿಲ್ಲ.

ನಾನು ಮದರಾಸನ್ನು ಸೇರಿದಾಗ ಅಕ್ಕನಿಗೆ ಪ್ರಾಣವಿತ್ತು, ನನ್ನ ಗುರುತಿರಲಿಲ್ಲ. ಹಿಂದಿನ ರಾತ್ರಿಯವರೆಗೂ “ತಮ್ಮ ಬಂದನೇ?” ಎಂದು ಕೇಳುತ್ತಿದ್ದಳಂತೆ.

ಮಕ್ಕಳಿಗೆ ಇದೆಲ್ಲವನ್ನು ನಾನು ಹೇಳಲಿಲ್ಲ. “ದಾರದಿಂದ ದೂರವನ್ನಳೆಯಬಹುದು, ಮಗೂ, ಹೊತ್ತನ್ನು ಅಳೆಯಲಾಗದು. ನಮ್ಮವರನ್ನು ನೋಡಲು ಹೋಗುವಾಗ ಒಂದು ತಾಸು ಮೊದಲೇ ಹೊರಡಬೇಕು” ಎಂದಷ್ಟೇ ಹೇಳಿ, ದಾರವನ್ನು ಸುತ್ತಿಟ್ಟೆನು.