ಹೋಬಳಿ ಶಾಲೆಗಳ ರೈಸ್ ಸಾಹೇಬರು

ಬಿ. ಎಲ್. ರೈಸ್ ಎಂದೊಡನೆ ವಿದ್ವಜ್ಜನರ ಮನಸ್ಸಿನಲ್ಲಿ ಮೂಡುವುದು ‘ಎಪಿಗ್ರಾಫಿಯ ಕರ್ನಾಟಿಕ’ದ ಬೃಹತ್ ಸಂಪುಟಗಳು. ಶಾಸನಗಳ ಆ ಪಿತಾಮಹರು ಮೂಲತಃ ಉಪಾಧ್ಯಾಯರು, ಅನಂತರ ಶಾಲಾ ತನಿಖಾಧಿಕಾರಿಗಳು, ಕೊನೆಗೆ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರು ಎಂಬ ಸಂಗತಿಯನ್ನು ಶಿಕ್ಷಕ ವೃತ್ತಿಯವರೇ ಅಷ್ಟಾಗಿ ನೆನೆಯುವುದಿಲ್ಲ.

ಬೆಂಜಮಿನ್ ಲೂಯಿಸ್ ರೈಸ್ ಅವರು 1837ರ ಜುಲೈ 17ರಂದು ಬೆಂಗಳೂರಿನಲ್ಲಿ ಜನಿಸಿದರು. ತಂದೆ ಬೆಂಜಮಿನ್ ಹೋಲ್ಟ್ ರೈಸ್ ಲಂಡನ್ ಮಿಷನ್ನಿನ ಪಾದ್ರಿಗಳು, ಕನ್ನಡವನ್ನು ಚೆನ್ನಾಗಿ ಬಲ್ಲವರು. ಇಂಗ್ಲೆಂಡಿನಲ್ಲಿ ವ್ಯಾಸಂಗ ಮುಗಿಸಿದ ಮಗ 1860ರಲ್ಲಿ ಹುಟ್ಟಿದೂರಿಗೆ ಮರಳಿ, ಮುಂದೆ ಸೆಂಟ್ರಲ್ ಕಾಲೇಜೆನಿಸಿದ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. 1865ರಲ್ಲಿ ಮೈಸೂರು ಮತ್ತು ಕೊಡಗು ಸೀಮೆಗಳ ಶಾಲಾ ಇನ್ಸ್‌ಪೆಕ್ಟರ್ ಹುದ್ದೆ ದೊರೆಯಿತು. 1868ರಲ್ಲಿ ಜಾನ್ ಗ್ಯಾರೆಟ್ ಅವರು ರಜೆಯ ಮೇಲೆ ತೆರಳಿದಾಗ ಇಲಾಖೆಯ ಆಡಳಿತವೇ ಅವರ ಕೈಗೆ ಬಂದಿತು.

ಆ ವರ್ಷವೇ ಅವರು ಸರ್ಕಾರದ ಮುಂದಿಟ್ಟ ಯೋಜನೆ ಹೋಬಳಿ ಶಾಲೆಗಳದು. ಅಂದಿನವರೆಗೆ ಸರ್ಕಾರದ ವಿದ್ಯಾದಾನವೆಂದರೆ ಬಹುಮಟ್ಟಿಗೆ ಪಟ್ಟಣಗಳಿಗೆ ಸಲ್ಲುತ್ತಿದ್ದ ಸೌಕರ್ಯ. ಹಳ್ಳಿಯ ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುವ ಕೂಲಿಮಠಗಳೇ ಗತಿ. ಪ್ರತಿಯೊಂದು ಹೋಬಳಿಗೂ ಒಂದು ಕನ್ನಡ ಶಾಲೆ ಇರಬೇಕು, ಅದಕ್ಕೆ ಸ್ಥಳೀಯರನ್ನೇ ಆರಿಸಿ ನಾರ್ಮಲ್ ಶಾಲೆಯಲ್ಲಿ ತರಬೇತಿ ಕೊಟ್ಟು ಉಪಾಧ್ಯಾಯರನ್ನಾಗಿ ಮಾಡಬೇಕು ಎಂಬುದು ರೈಸ್ ಅವರ ವಾದ. ಪರಸ್ಥಳದಿಂದ ಬಂದ ಮೇಷ್ಟರು ಊರಿನಲ್ಲಿ ನಿಲ್ಲರೆಂಬುದು ಯಾವ ಕಾಲದ ಆಡಳಿತಗಾರನಿಗೂ ತಿಳಿದಿರಬೇಕಾದ ಮಾತು! 1876ರಿಂದ 78ರವರೆಗಿನ ಮಹಾಕ್ಷಾಮವು ಸಂಸ್ಥಾನದ ಸುಮಾರು ಹತ್ತು ಲಕ್ಷ ಜನರನ್ನು ಬಲಿತೆಗೆದುಕೊಂಡಿತು. ಹೊಟ್ಟೆಗಿಲ್ಲದ ಊರಿನಲ್ಲಿ ಶಾಲೆ ನಡೆಯುವುದೆಂತು? ಆದರೂ ಯೋಜನೆಯ ಬೇರು ಒಣಗಲಿಲ್ಲ. 1882ರಲ್ಲಿ ಹಂಟರ್ ಅವರ ಅಧ್ಯಕ್ಷತೆಯಲ್ಲಿ ಭಾರತದ ವಿದ್ಯಾ ಆಯೋಗ ರಚಿತವಾದಾಗ ಅದರ ಕಾರ್ಯದರ್ಶಿಯಾಗಿ ನೇಮಕಗೊಂಡವರು ಮೈಸೂರಿನ ಈ ಅಧಿಕಾರಿಯೇ.

ಶಾಲೆಗಳನ್ನು ನೋಡಲು ಕುದುರೆಯೇರಿ ಹೊರಟವರ ಕಣ್ಣು ದಾರಿಬದಿಯ ಕಲ್ಲುಗಳ ಮೇಲೆ ಬಿದ್ದುದು ಕನ್ನಡನಾಡಿನ ಪುಣ್ಯವೆನ್ನಬೇಕು. 1879ರಲ್ಲಿ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’ ಹೊರಬಂದಿತು. 1885ರಲ್ಲಿ ಪ್ರಾಕ್ತನ ಇಲಾಖೆ ಹುಟ್ಟಿದಾಗ ಅದರ ಹೊಣೆಯೂ ರೈಸ್ ಅವರ ಹೆಗಲಿಗೇ ಬಿತ್ತು. 1890ರ ತನಕ ವಿದ್ಯಾ ಇಲಾಖೆ ಮತ್ತು ಶಾಸನ ಎರಡೂ ಅವರವೇ. ಸಾವಿರಾರು ಮಕ್ಕಳ ಪಾಠಪ್ರವಚನಕ್ಕೆ ಹೊಣೆಯಾದ ಅಧಿಕಾರಿ ತನ್ನ ಗಮನವನ್ನು ಹೀಗೆ ಇಬ್ಭಾಗ ಮಾಡಿದ್ದು ಯುಕ್ತವೇ ಎಂದು ಕೇಳುವವರಿದ್ದರೆ ಆ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕಲಾಗದು.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಜನರು ಮಾತ್ರ ಈ ಇಬ್ಭಾಗದ ಫಲವನ್ನು ಉಂಡವರು. 1898ರಲ್ಲಿ ಪ್ರಕಟವಾದ ನಾಲ್ಕನೆಯ ಸಂಪುಟದಲ್ಲಿ ಈ ಸೀಮೆಯ ಶಾಸನಗಳೆಲ್ಲ ಒಟ್ಟುಗೂಡಿವೆ. ಕೃಷ್ಣರಾಜನಗರಕ್ಕೆ ಅಂದು ಎಡತೊರೆಯೆಂದು ಹೆಸರು. ಪಿರಿಯಾಪಟ್ಟಣದ ಶಾಸನಗಳು ಹುಣಸೂರಿನೊಳಗೇ ಅಡಕವಾಗಿದ್ದವು. ಚಿಕ್ಕಹನಸೋಗೆಯ ಬಸದಿಗಳ ಬರಹಗಳಿಂದ ಚೆಂಗಾಳ್ವ ಅರಸರ ಇತಿಹಾಸ ಬೆಳಕಿಗೆ ಬಂದಿತು. ಮೊದಲು ಜೈನರಾಗಿದ್ದು ಬಳಿಕ ಶಿವಭಕ್ತರಾಗಿ ಬೆಟ್ಟದಪುರದ ಅನ್ನದಾನಿ ಮಲ್ಲಿಕಾರ್ಜುನನನ್ನು ಕುಲದೈವವೆಂದು ನಂಬಿದ ಆ ಮನೆತನದ ಕಥೆ ಈ ಭಾಗದ ಮಠಮಾನ್ಯಗಳಿಗೆ ಅಪರಿಚಿತವಲ್ಲ.

ಕೋಟೆ ತಾಲ್ಲೂಕಿನ ಬೆಳತೂರಿನ ಕಲ್ಲೊಂದೇ ಸಾಕು, ಈ ಕಾರ್ಯದ ಬೆಲೆಯನ್ನು ಅಳೆಯಲು. ಅದರ ಕಾಲ 1057. ನುಗುನಾಡಿನ ರವಿಗಾವುಂಡನ ಮಗಳು ದೇಕಬ್ಬೆ. ಪತಿ ನವಿಲೆನಾಡಿನ ಏಚ. ಮಲ್ಲಯುದ್ಧದಲ್ಲಿ ಅರಸನ ದಾಯಾದಿಯನ್ನು ಕೊಂದನೆಂದು ಏಚನನ್ನು ತಲಕಾಡಿಗೊಯ್ದು ಕೊಲ್ಲಿಸಲಾಯಿತು. ಹೆತ್ತವರು ಎಷ್ಟು ಬೇಡಿದರೂ ಕೇಳದೆ ದೇಕಬ್ಬೆ ಅಗ್ನಿಪ್ರವೇಶ ಮಾಡಿದಳು. ಆ ಕ್ರೂರ ಪದ್ಧತಿಯನ್ನು ಇಂದು ಯಾರೂ ಕೊಂಡಾಡಲಾರರು. ಆದರೆ ಮಗಳ ಕೈಹಿಡಿದು ತಡೆಯುವ ತಾಯ್ತಂದೆಯರ ಸಂಕಟವನ್ನು ಮಲ್ಲನೆಂಬ ಕವಿ ಕಲ್ಲಿನ ಮೇಲೆ ನಿಲ್ಲಿಸಿದ ಬಗೆ ಕಣ್ಣು ತೇವಗೊಳಿಸುವಂಥದು.

ವಿವಾದದ ವಿಷಯಕ್ಕೆ ಬರೋಣ. 1870ರ ದಶಕದ ಆರಂಭದಲ್ಲಿ ರೈಸ್ ಅವರು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಮರ್ಕರ, ನಾಗಮಂಗಲ ಮೊದಲಾದ ಗಂಗರ ತಾಮ್ರಶಾಸನಗಳನ್ನು ಪ್ರಕಟಿಸಿದರು. ಮುಂಬಯಿ ಆಧಿಪತ್ಯದ ಅಧಿಕಾರಿ ಜೆ. ಎಫ್. ಫ್ಲೀಟ್ ಅವರು ಇಂಥವು ಕೂಟಶಾಸನಗಳೆಂದರು. ಫ್ಲೀಟ್ ಸಾಮಾನ್ಯರಲ್ಲ, ಲಿಪಿಶಾಸ್ತ್ರದಲ್ಲಿ ಅಸಾಧಾರಣ ಪ್ರಭುತ್ವವುಳ್ಳವರು. ಗಂಗರ ಆರಂಭಕಾಲದ ಇತಿಹಾಸವೇ ಕಟ್ಟುಕಥೆಯೆಂಬವರೆಗೆ ಅವರ ಖಂಡನೆ ಬೆಳೆಯಿತು. ಶ್ರವಣಬೆಳಗೊಳದ ಭದ್ರಬಾಹು-ಚಂದ್ರಗುಪ್ತರ ಪರಂಪರೆಯನ್ನು ರೈಸ್ 1889ರಲ್ಲಿ ಎತ್ತಿಹಿಡಿದಾಗಲೂ ವಿರೋಧಿಸಿದವರು ಅವರೇ. ದಶಕಗಳ ಕಾಲ ಇಬ್ಬರೂ ಬಿಟ್ಟುಕೊಡಲಿಲ್ಲ.

ಸತ್ಯ ಯಾರ ಕಡೆಗಿತ್ತು? ಪೂರ್ಣವಾಗಿ ಯಾರ ಕಡೆಗೂ ಅಲ್ಲ. ಮರ್ಕರ ಶಾಸನವು ತಾನು ಹೇಳಿಕೊಳ್ಳುವಷ್ಟು ಪ್ರಾಚೀನವಲ್ಲವೆಂದು ಬಹುಮಂದಿ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ರೈಸ್ ಅವರು ಸಿಕ್ಕಿದ್ದನ್ನೆಲ್ಲ ನಂಬುವ ಉದಾರಿಗಳು; ಅವಸರದಲ್ಲಿ ಓದಿದ ಪಾಠಗಳಲ್ಲಿ ತಪ್ಪುಗಳೂ ಉಂಟು. ಆದರೆ ಪೆನುಗೊಂಡೆಯ ತಾಮ್ರಶಾಸನ ದೊರೆತಾಗ ಅದು ನೈಜವೆಂದು ಫ್ಲೀಟ್ ಅವರೇ ಒಪ್ಪಬೇಕಾಯಿತು. ಗಂಗರು ಇತಿಹಾಸದಲ್ಲಿ ಉಳಿದರು.

1894ರಿಂದ 1905ರೊಳಗೆ ಎಪಿಗ್ರಾಫಿಯದ ಸಂಪುಟಗಳು ಸಾಲಾಗಿ ಬಂದವು. ಒಟ್ಟು ಹನ್ನೆರಡು ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳು. 1906ರಲ್ಲಿ ನಿವೃತ್ತರಾದ ರೈಸ್ ಅವರ ಸ್ಥಾನಕ್ಕೆ ಆರ್. ನರಸಿಂಹಾಚಾರ್ಯರು ಬಂದರು. ಇಂಗ್ಲೆಂಡಿಗೆ ತೆರಳಿದ ಮೇಲೂ, 1909ರಲ್ಲಿ, ಶಾಸನಗಳನ್ನಾಧರಿಸಿ ಮೈಸೂರು-ಕೊಡಗುಗಳ ಚರಿತ್ರೆಯನ್ನು ಪ್ರಕಟಿಸಿದ ರೈಸ್ ಅವರು 1927ರ ಜುಲೈ 10ರಂದು ಹ್ಯಾರೋ ಎಂಬಲ್ಲಿ ಕಾಲವಾದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಅವರ ಪಾಠಗಳನ್ನು ಕಲ್ಲುಗಳೊಡನೆ ಮತ್ತೆ ಹೋಲಿಸಿ, ಹೊಸದಾಗಿ ದೊರೆತವನ್ನು ಸೇರಿಸಿ ಪರಿಷ್ಕೃತ ಸಂಪುಟಗಳನ್ನು ಹೊರತಂದಿತು. ಅದರಲ್ಲಿ ಹೆಗ್ಗಡದೇವನಕೋಟೆಯ ಶಾಸನಗಳು ಮೂರನೆಯ ಸಂಪುಟದಲ್ಲಿಯೂ, ಹುಣಸೂರು ಪಿರಿಯಾಪಟ್ಟಣಗಳವು ನಾಲ್ಕನೆಯದರಲ್ಲಿಯೂ, ಕೃಷ್ಣರಾಜನಗರದವು ಐದನೆಯದರಲ್ಲಿಯೂ ದೊರೆಯುತ್ತವೆ.